ಕುರ್ಚಿ ಸರಿಸುವವರು

ಮಕ್ಕಳ ಮನೆಯಲ್ಲಿ ಕುರ್ಚಿಗೊಂದು ನಿಯಮವಿದೆ. ಹೊಸ ಮಗು ಸೇರಿದಾಗ ಅಪ್ಪನೋ ಅಮ್ಮನೋ ಒಬ್ಬರು ಜೊತೆಗೆ ಬಂದು ಕೂರಬೇಕು. ಮೊದಲ ದಿನ ಕುರ್ಚಿ ಮಕ್ಕಳು ಆಡುವ ಚಾಪೆಯ ಅಂಚಿನಲ್ಲೇ ಇರುತ್ತದೆ. ಕೂತವರು ಏನೂ ಮಾಡಬಾರದು. ಮಗುವನ್ನು ಕರೆಯಬಾರದು, ಆಡಿಸಬಾರದು, ಫೋನ್ ನೋಡಬಾರದು, ಪಕ್ಕದವರ ಜೊತೆ ಹರಟೆ ಹೊಡೆಯಬಾರದು. ಮಗು ತಿರುಗಿ ನೋಡಿದರೆ ನೀವೂ ನೋಡಬೇಕು, ಹತ್ತಿರ ಬಂದರೆ ತೊಡೆ ಕೊಡಬೇಕು, ಅಷ್ಟೇ. ಮಗು ಆಟದಲ್ಲಿ ಮುಳುಗಿತು ಅನ್ನಿಸಿದಾಗ ಟೀಚರ್ ಬಂದು ಕುರ್ಚಿಯನ್ನು ಸ್ವಲ್ಪ ಬಾಗಿಲ ಕಡೆಗೆ ಸರಿಸುತ್ತಾರೆ. ಮರುದಿನ ಇನ್ನಷ್ಟು. ಹೀಗೆ ಕುರ್ಚಿ ಬಾಗಿಲು ದಾಟಿ ಕಾರಿಡಾರಿಗೆ ಬಂದು, ಒಂದು ದಿನ ಕೂತವರು ಎದ್ದು ಮನೆಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಮಗುವಿಗೆ ಅದು ತನ್ನದೇ ಜಾಗವಾಗಿರುತ್ತದೆ. ಕೆಲವು ಮಕ್ಕಳಿಗೆ ಒಂದು ವಾರ ಸಾಕು. ಹಠಮಾರಿಗಳಿಗೆ ಒಂದು ತಿಂಗಳು.

ನಾನು ಚಾಪೆಯ ಅಂಚಿನಲ್ಲಿ ಚಳಿಗಾಲ ಪೂರ್ತಿ ಕೂತೆ. ಯಾರೂ ಸರಿಸಲಿಲ್ಲ.

ಮಗಳದ್ದೇನೂ ತಪ್ಪಿಲ್ಲ. ಅವಳು ಮೊದಲ ವಾರವೇ ಮರದ ತುಂಡುಗಳ ಬುಟ್ಟಿಗೆ ಯಜಮಾನಿಯಾಗಿದ್ದಳು. ಎರಡೂವರೆ ವರ್ಷದ ಪುಟ್ಟ ದೇಹ, ದುಂಡಗೆ, ಉರುಳಿಸಿದರೆ ಉರುಳುವ ಹಾಗೆ. ಅವಳಮ್ಮ ಅವಳನ್ನು ಬಟಾಣಿ ಎಂದು ಕರೆಯುತ್ತಿದ್ದಳು, ಆ ಹೆಸರೇ ಎಲ್ಲ ಕಡೆ ನಿಂತಿತು. ಮಕ್ಕಳ ಮನೆಯಲ್ಲಿ ದೊಡ್ಡವರಿಗೆ ಸ್ವಂತ ಹೆಸರಿಲ್ಲ. ಮಗುವಿನ ಹೆಸರೇ ನಿಮ್ಮ ಹೆಸರು. ನಾನು ಬಟಾಣಿ ಅಪ್ಪ. ಮೀಸೆ ಬಿಟ್ಟ, ಆರಡಿ ಎತ್ತರದ ಬಟಾಣಿ ಅಪ್ಪ.

ನಾನು ಬೇಕರಿಯಲ್ಲಿ ರಾತ್ರಿ ಪಾಳಿಯವನು. ಹಿಟ್ಟು ನಾದುವ ಯಂತ್ರ ಒಬ್ಬನದು, ಭಟ್ಟಿ ನನ್ನದು. ಬೆಳಗಾಗುವ ಹೊತ್ತಿಗೆ ಬ್ರೆಡ್ಡಿನ ಟ್ರೇಗಳನ್ನು ವ್ಯಾನಿಗೆ ತುಂಬಿಸಿ, ಮನೆಗೆ ಹೋಗಿ, ನನ್ನ ಅಮ್ಮ ತಲೆ ಬಾಚಿ ಸಿದ್ಧ ಮಾಡಿಟ್ಟ ಮಗಳನ್ನು ಎತ್ತಿಕೊಂಡು ಮಕ್ಕಳ ಮನೆಗೆ ಬರುತ್ತಿದ್ದೆ. ಬಂದು ಕೂರುತ್ತಿದ್ದೆ. ಮನೆಗೆ ಹೋಗಿ ಮಲಗಬಹುದಿತ್ತು. ಆದರೆ ಮನೆಯಲ್ಲಿ ಮಂಚವಿತ್ತು, ಮಂಚದ ಒಂದು ಬದಿ ಖಾಲಿ ಇತ್ತು. ಇಲ್ಲಿ ಕುರ್ಚಿ ಒಬ್ಬನಿಗೇ ಆಗುವಷ್ಟಿತ್ತು.

ಹೆಂಡತಿ ಹೋದದ್ದು ಚಳಿ ಶುರುವಾಗುವ ಮುಂಚೆ. ಜ್ವರ ಬಂತು, ಜ್ವರ ಇಳಿಯಲಿಲ್ಲ, ಆಸ್ಪತ್ರೆಗೆ ಹೋದೆವು, ನಾನೊಬ್ಬನೇ ವಾಪಸ್ಸು ಬಂದೆ. ಇದಕ್ಕಿಂತ ಉದ್ದಕ್ಕೆ ಹೇಳಲು ನನಗೆ ಬರುವುದಿಲ್ಲ, ಉದ್ದಕ್ಕೆ ಹೇಳು ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಮನೆ ತುಂಬ ಜನ ಬಂದಿದ್ದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ. ಉಕ್ಕಲಿಲ್ಲ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ, ಹಸಿವಾಗುತ್ತಿತ್ತು, ತಿನ್ನುತ್ತಿದ್ದೆ. ಭಟ್ಟಿಯ ಬಾಗಿಲಿಗೆ ಮೊಣಕೈ ತಾಗಿ ಚರ್ಮ ಸುಟ್ಟಿತ್ತು. ವಾಸನೆ ಬಂದ ಮೇಲೆ ಗೊತ್ತಾಯಿತು.

ಆಗ ನನ್ನ ಬಾಯಲ್ಲಿ ಇದ್ದದ್ದು ಒಂದೇ ಮಾತು, ಹೂಂ. ಬೀದಿಯಲ್ಲಿ ಹೋಗುವ ಯಾರಾದರೂ ಬಂದು ನಿಮ್ಮ ಮನೆ ನನಗೆ ಕೊಟ್ಟುಬಿಡ್ತೀರಾ ಎಂದಿದ್ದರೂ ಹೂಂ ಅನ್ನುತ್ತಿದ್ದೆನೋ ಏನೋ. ಹೆಂಡತಿಯ ಅಕ್ಕ ಬಂದು ಎರಡು ವಾರ ನಮ್ಮ ಮನೆಯಲ್ಲಿದ್ದು, ಗೋಡೆ ಬಿಟ್ಟು ಉಳಿದದ್ದೆಲ್ಲ ತೊಳೆದು ಒಣಗಿಸಿ, ಹೊರಡುವ ಹೊತ್ತಿಗೆ ಕೇಳಿದರು. ಅವರ ಗಂಡು ಮಕ್ಕಳಿಬ್ಬರೂ ದೊಡ್ಡವರಾಗಿದ್ದಾರೆ, ಮನೆಯಲ್ಲಿ ಜಾಗವಿದೆ, ಹಿತ್ತಲಿದೆ, ಹಗಲೂ ರಾತ್ರಿಯೂ ಮನೆಯಲ್ಲೇ ಇರುವವರು ಅವರು. ಇಲ್ಲಿ ಅಪ್ಪನಿಗೆ ರಾತ್ರಿ ಪಾಳಿ, ಅಜ್ಜಿಗೆ ಮಂಡಿ ನೋವು, ಓಡುವ ಮಗುವಿನ ಹಿಂದೆ ಯಾರು ಓಡುವುದು? ಚಳಿ ಮುಗಿದ ಮೇಲೆ ಬಟಾಣಿಯನ್ನು ತಮ್ಮೂರಿಗೆ ಕರೆದುಕೊಂಡು ಹೋಗಿ ತಮ್ಮ ಮಗಳ ಹಾಗೇ ಸಾಕುತ್ತೇನೆ ಎಂದರು. ನೀವು ಬೇಕೆಂದಾಗ ಬಂದು ನೋಡಬಹುದು ಎಂದೂ ಹೇಳಿದರು. ರೈಲಿನಲ್ಲಿ ಒಂದು ರಾತ್ರಿ, ಒಂದು ಹಗಲಿನ ದಾರಿ. ರಾತ್ರಿ ಪಾಳಿಯವನಿಗೆ ಬೇಕೆಂದಾಗ ಎನ್ನುವುದು ವರ್ಷಕ್ಕೆ ಎಷ್ಟು ಸಲ ಬರುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ನನ್ನ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳ್ಳೆಯದೇ ಅಲ್ಲವೇನೋ ಎಂದಳು. ನಾನು ಹೂಂ ಎಂದೆ. ಮಗಳ ಮುಂದಿನ ಬದುಕು ಆ ಹೂಂನಲ್ಲಿ ಮುಗಿದುಹೋಯಿತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಹೀಗೆ ನಾನು ಕೂತೆ. ಬೆಳಗ್ಗೆ ಬಣ್ಣದ ನೀರಿನ ಬಟ್ಟಲುಗಳು, ಆಮೇಲೆ ಮರದ ತುಂಡುಗಳು, ಆಮೇಲೆ ಹಾಡು, ಆಮೇಲೆ ಊಟ. ಮಧ್ಯೆ ಯಾರೋ ಯಾರನ್ನೋ ಕಚ್ಚುತ್ತಿದ್ದರು. ಮಗಳು ಆಡುತ್ತಾ ಆಡುತ್ತಾ ಒಮ್ಮೊಮ್ಮೆ ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಅವಳು ಮತ್ತೆ ಬಗ್ಗಿ ಆಡುತ್ತಿದ್ದಳು. ನನ್ನ ಮೈಯಿಂದ ಬರುವ ಬ್ರೆಡ್ಡಿನ ವಾಸನೆಗೆ ಬೇರೆ ಮಕ್ಕಳು ಬಂದು ಮೂಸಿ ಹೋಗುತ್ತಿದ್ದರು. ಒಬ್ಬಳು ನನ್ನ ಪ್ಯಾಂಟಿನ ಮೇಲಿದ್ದ ಹಿಟ್ಟನ್ನು ನೆಕ್ಕಿದಳು. ನಾನು ಏನೂ ಮಾಡಲಿಲ್ಲ, ಏನೂ ಮಾಡಬಾರದು ಎಂದೇ ನಿಯಮವಿತ್ತಲ್ಲ.

ಅಲ್ಲಿ ಪೋಷಕರ ಸಮಿತಿ ಎಂದೊಂದಿದೆ. ಮಕ್ಕಳ ಮನೆಯನ್ನು ಟೀಚರುಗಳು ಮಾತ್ರ ನಡೆಸುವುದಲ್ಲ, ಅಪ್ಪ ಅಮ್ಮಂದಿರೂ ಕೈಜೋಡಿಸಬೇಕು ಎನ್ನುವುದು ಅದರ ಮೂಲ. ಅದನ್ನು ಹಿಡಿದು ಎಳೆಯುತ್ತಿದ್ದವರು ಅವಳಿ ಅಮ್ಮ. ಅವಳಿ ಮಕ್ಕಳನ್ನು ಎರಡೂ ಸೊಂಟದ ಮೇಲೆ ಕೂರಿಸಿಕೊಂಡು, ಬಾಯಲ್ಲಿ ಚೀಲ ಕಚ್ಚಿಕೊಂಡು ಬರುವ ಹೆಂಗಸು. ಚೀಲ ಕೆಳಗಿಟ್ಟ ಕೂಡಲೇ ಬಾಯಿ ಶುರು. ಬಣ್ಣದ ಬಟ್ಟಲು ತೊಳೆಯುವ ಸರದಿ ಯಾರದು, ಹೊಸ ತಾಯಂದಿರ ಮನೆಗೆ ಹೋಗಿ ಮಾತಾಡಿಸುವವರು ಯಾರು, ಎಲ್ಲ ಅವರೇ ಹಂಚುತ್ತಿದ್ದರು. ಸಮಿತಿಯಲ್ಲಿ ಒಬ್ಬನಾದರೂ ಗಂಡಸಿರಬೇಕು ಎನ್ನುವುದು ಅವರ ಬಹುದಿನದ ಆಸೆ. ಉಳಿದ ಅಪ್ಪಂದಿರು ಮಗುವನ್ನು ಬಾಗಿಲಲ್ಲಿ ಇಳಿಸಿ, ಮೈಗೆ ಬೆಂಕಿ ಬಿದ್ದವರ ಹಾಗೆ ಓಡುತ್ತಿದ್ದರು. ನಾನು ಅಲ್ಲೇ ಕೂತಿದ್ದೆ. ಬರ್ತೀರಾ ಎಂದರು. ಹೂಂ ಎಂದೆ.

ಒಂದು ದಿನ ಮೇಲಿನ ಕಚೇರಿಯಿಂದ ಕೆಲವರು ನೋಡಲು ಬಂದರು. ಅವಳಿ ಅಮ್ಮ ಅವರನ್ನು ಸೀದಾ ನನ್ನ ಮುಂದೆ ತಂದು ನಿಲ್ಲಿಸಿ, ನಮ್ಮಲ್ಲಿ ಅಪ್ಪಂದಿರೂ ದಿನಾ ಬಂದು ಕೂರುತ್ತಾರೆ ಎಂದರು. ಅಪ್ಪಂದಿರು ಎಂದರೆ ನಾನು. ಬಂದವರು ತಲೆದೂಗಿದರು, ಒಬ್ಬರು ನನ್ನ ಫೋಟೋ ತೆಗೆದುಕೊಂಡರು. ದೊಡ್ಡ ಟೀಚರ್, ಅಂದರೆ ಅಲ್ಲಿನ ಮುಖ್ಯಸ್ಥೆ, ಹೊಸ ತಾಯಂದಿರಿಗೆ ನನ್ನನ್ನು ತೋರಿಸಿ, ಕೂರುವುದು ಹೇಗೆಂದು ಇವರನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು. ತಾಯಂದಿರ ಕೈ ಸುಮ್ಮನಿರುವುದಿಲ್ಲ, ಮೂಗು ಒರೆಸುತ್ತಾರೆ, ಅದು ಹಿಡಿ ಇದು ಹಿಡಿ ಎನ್ನುತ್ತಾರೆ. ಸುಮ್ಮನಿರುವುದರಲ್ಲಿ ನಾನು ಎತ್ತಿದ ಕೈ ಎಂದು ಅವರೆಲ್ಲ ನಂಬಿದ್ದರು. ಒಳಗೆ ಏನೂ ಇಲ್ಲದವನಿಗೆ ಸುಮ್ಮನಿರುವುದು ಏನು ಮಹಾ ವಿದ್ಯೆ? ನಗು ಬರಬೇಕಿತ್ತು. ಬರಲಿಲ್ಲ.

ಚಳಿ ಮುಗಿಯುತ್ತಾ ಬಂದಾಗ ಸಮಿತಿಯ ಸಭೆ ಸೇರಿತು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಮಕ್ಕಳ ಪುಟ್ಟ ಕುರ್ಚಿಗಳಲ್ಲೇ ದೊಡ್ಡವರು ಗಲ್ಲಕ್ಕೆ ಮಂಡಿ ತಾಗಿಸಿಕೊಂಡು ಕೂರುವ ಸಭೆ ಅದು. ಅವಳಿ ಅಮ್ಮ ಮುಂದಿನ ತಿಂಗಳ ಕೆಲಸಗಳನ್ನು ಹಂಚುತ್ತಾ ಹೋಗಿ, ಮರದ ತುಂಡುಗಳನ್ನು ಉಜ್ಜಿ ತೊಳೆಯುವ ಕೆಲಸಕ್ಕೆ ಬಟಾಣಿ ಅಪ್ಪ ಎಂದರು. ಮುಂದಿನ ತಿಂಗಳು ನಾವಿರುವುದಿಲ್ಲ ಎಂದೆ. ಬಟಾಣಿಯನ್ನು ಅವಳ ದೊಡ್ಡಮ್ಮ ಕರೆದುಕೊಂಡು ಹೋಗುತ್ತಾರೆ, ಇನ್ನು ಅಲ್ಲೇ ಇರುತ್ತಾಳೆ ಎಂದೆ. ಹವಾಮಾನ ಹೇಳುವವರ ಹಾಗೆ ಹೇಳಿದೆ.

ಅವಳಿ ಅಮ್ಮನ ಬಾಯಿ ನಿಂತದ್ದನ್ನು ಆವತ್ತೇ ನಾನು ಮೊದಲು ಕಂಡದ್ದು. ದೊಡ್ಡ ಟೀಚರ್ ನನ್ನ ಕಡೆ ತಿರುಗಿದರು.

"ನಿಮಗೇನು ಅನ್ಸುತ್ತೆ ಇದರ ಬಗ್ಗೆ?"

"ಏನೂ ಅನ್ಸಲ್ಲ ಟೀಚರ್."

ಅದು ನಿಜ. ಆ ಮನೆಯಲ್ಲಿ ನಾನು ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದೇ ಇರಬೇಕು. ಅವರು ನನ್ನನ್ನು ತಿದ್ದಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಅದಕ್ಕೆ ಅವರ ಹೊಟ್ಟೆ ತಣ್ಣಗಿರಲಿ. ನಿರ್ಧಾರ ನಿಮ್ಮದು ಎಂದರು. ಆದರೆ ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದಿದ್ದರೆ ಇಲ್ಲಿ ಒಂದು ಪದ್ಧತಿಯಿದೆ ಎಂದರು. ಹೊಸಬರು ಮೊದಲು ಬಂದು ಚಾಪೆಯ ಅಂಚಿನ ಕುರ್ಚಿಯಲ್ಲಿ ಕೂರಬೇಕು. ಹಳಬರ ಕುರ್ಚಿ ದಿನಾ ಸ್ವಲ್ಪ ಸ್ವಲ್ಪವೇ ಬಾಗಿಲ ಕಡೆಗೆ ಹೋಗಬೇಕು. ಮಗು ತಲೆಯೆತ್ತಿದಾಗ ಹೊಸ ಮುಖವನ್ನು ಹುಡುಕುವುದನ್ನು ಕಲಿತ ಮೇಲೆ ಊರು ಬಿಟ್ಟರೆ ಅದರ ಎದೆ ಒಡೆಯುವುದಿಲ್ಲ. ಹೀಗೆಲ್ಲ ವಿವರಿಸಿ, ಚಾಪೆಯ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಚಿಕ್ಕ ಟೀಚರ್ ಕಡೆ ತಿರುಗಿ, ಇವರ ಕುರ್ಚಿ ಇನ್ನೂ ಚಾಪೆಯ ಪಕ್ಕದಲ್ಲೇ ಯಾಕಿದೆ ಎಂದು ಕೇಳಿದರು.

ಚಿಕ್ಕ ಟೀಚರ್ ಮುಖ ಕೆಂಪಗಾಯಿತು. ನಾನು ಸರಿಸಲಿಲ್ಲ ಎಂದಳು. ಮೊದಲ ದಿನದಿಂದಲೂ ಅಲ್ಲೇ ಇದೆ.

"ಯಾಕೆ ಸರಿಸಿಲ್ಲ?"

"ನೀವೇ ಬೇಡ ಅಂದಿರ್ಬೇಕು ಅಂದ್ಕೊಂಡೆ. ಅವರ ಮನೇಲಿ ಹೀಗಾಗಿದೆಯಲ್ಲ ಅಂತ."

ದೊಡ್ಡ ಟೀಚರ್ ಬೇಡ ಎಂದಿರಲಿಲ್ಲ. ಕುರ್ಚಿ ಸರಿಸುವುದು ಚಿಕ್ಕ ಟೀಚರ್ ಕೆಲಸ, ಅವಳು ಇನ್ನೂ ಸರಿಸಿಲ್ಲವೆಂದರೆ ಏನೋ ಯೋಚಿಸಿಯೇ ಇರಬೇಕು, ತಾನು ಮಧ್ಯೆ ಬಾಯಿ ಹಾಕಬಾರದು ಎಂದು ಅವರು ಅಂದುಕೊಂಡಿದ್ದರಂತೆ. ಅವಳಿ ಅಮ್ಮ, ಟೀಚರುಗಳಿಬ್ಬರೂ ಸೇರಿ ನಿರ್ಧರಿಸಿದ್ದಾರೆ ಅಂದುಕೊಂಡಿದ್ದರು. ಎಲ್ಲರೂ ನನ್ನ ಮೇಲೆ ಕರುಣೆ ಇಟ್ಟು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬ ಗಂಡಸನ್ನು ಚಳಿಗಾಲ ಪೂರ್ತಿ ಮರದ ತುಂಡುಗಳ ಪಕ್ಕದಲ್ಲಿ ಮರೆತುಬಿಟ್ಟಿದ್ದರು. ದೊಡ್ಡ ಟೀಚರ್ ಕೈಮುಗಿದು ತಪ್ಪಾಯಿತು ಎಂದರು. ಪರವಾಗಿಲ್ಲ ಎಂದೆ. ಅವಳಿ ಅಮ್ಮ ಮೂಗು ಸೀಟಿದರು. ಇದಕ್ಕೆಲ್ಲ ಅಳುವುದು ಯಾಕೆ ಎಂದು ನನಗೆ ಸ್ವಲ್ಪ ಕಿರಿಕಿರಿಯಾಯಿತು.

ದೊಡ್ಡಮ್ಮ ಬಂದರು. ಬಂದ ಮರುದಿನ ಬೆಳಗ್ಗೆಯೇ ಒಗೆದು ಇಸ್ತ್ರಿ ಮಾಡಿದ ಸೀರೆಯುಟ್ಟು ಚಾಪೆಯ ಅಂಚಿನಲ್ಲಿ ಕೂತರು. ನನ್ನ ಕುರ್ಚಿ ಒಂದು ಮಾರು ಹಿಂದಕ್ಕೆ ಹೋಯಿತು, ಕಪಾಟಿನ ಪಕ್ಕಕ್ಕೆ. ಅಷ್ಟು ದಿನ ಚಾಪೆಯ ಪಕ್ಕ ಕೂತವನಿಗೆ ಆ ಕೋಣೆಯೇ ಬೇರೆ ಕೋಣೆಯಂತೆ ಕಂಡಿತು.

ಅವರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಯಾರ ಮಗುವೆಂದು ನೋಡದೆ ಮೂಗು ಒರೆಸುತ್ತಿದ್ದರು, ಜಡೆ ಬಿಚ್ಚಿದ್ದರೆ ಹೆಣೆಯುತ್ತಿದ್ದರು, ಒಂದು ಮಗುವಿನ ಅಂಗಿಯ ಗುಂಡಿ ಜೋತಾಡುತ್ತಿದ್ದದ್ದನ್ನು ಕಂಡು ತಮ್ಮ ಚೀಲದಿಂದ ಸೂಜಿ ದಾರ ತೆಗೆದರು. ಚಿಕ್ಕ ಟೀಚರ್ ಮೆಲ್ಲಗೆ ಬಂದು, ಇಲ್ಲಿ ಸುಮ್ಮನೆ ಇರಬೇಕು ಅಮ್ಮ ಎನ್ನುತ್ತಿದ್ದಳು. ಹೌದಲ್ಲ ಎಂದು ಕೈಕಟ್ಟಿ ಕೂರುತ್ತಿದ್ದರು, ಸ್ವಲ್ಪ ಹೊತ್ತಿಗೆ ಆ ಕೈ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ತಂಗಿಯದೇ ಗಲ್ಲ, ತಂಗಿಯದೇ ಕಿವಿ, ತಂಗಿಯ ಹಾಗೇ ನಗುವಾಗ ಬಾಯಿಗೆ ಕೈ ಅಡ್ಡ. ಹಿಂದಿನಿಂದ ನೋಡಿದರೆ ನನ್ನ ಕಣ್ಣು ಒಂದೆರಡು ಸಲ ಮೋಸ ಹೋಗಿತ್ತು.

ಮೊದಲ ದಿನ ಮಗಳು ತಲೆಯೆತ್ತಿ ದೊಡ್ಡಮ್ಮನನ್ನು ನೋಡಿ, ಅಲ್ಲಿಂದ ಮೇಲೆ ಕೆಳಗೆ ಹುಡುಕಿ, ಕಪಾಟಿನ ಪಕ್ಕ ನನ್ನನ್ನು ಕಂಡು ಮತ್ತೆ ಆಡಿದಳು. ಮರುದಿನ ನಾನು ಕಿಟಕಿಯ ಹತ್ತಿರ. ಅವಳು ಹುಡುಕಲು ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಂಡಳು. ಅದರ ಮರುದಿನ ನಾನು ಬಾಗಿಲ ಬಳಿ. ಅವಳು ತಲೆಯೆತ್ತಿದಳು, ದೊಡ್ಡಮ್ಮನನ್ನು ನೋಡಿದಳು, ಅಷ್ಟಕ್ಕೇ ಬಗ್ಗಿಬಿಟ್ಟಳು.

ಚೆನ್ನಾಗಿ ಆಗುತ್ತಿದೆ ಎಂದು ದೊಡ್ಡ ಟೀಚರ್ ಮೆಲ್ಲಗೆ ಹೇಳಿದರು. ಹೂಂ ಎಂದೆ. ಎಲ್ಲ ಹೇಗೆ ಆಗಬೇಕೋ ಹಾಗೇ ಆಗುತ್ತಿತ್ತು.

ಆಮೇಲೆ ಕಾರಿಡಾರು. ಬಾಗಿಲಿಗೆ ಒಂದು ಗಾಜಿನ ಪಟ್ಟಿಯಿತ್ತು, ಅದರಲ್ಲಿ ಚಾಪೆಯ ಅರ್ಧ ಕಾಣುತ್ತಿತ್ತು. ಮಗಳು ಆ ಅರ್ಧಕ್ಕೆ ಬಂದಾಗ ಕಾಣುತ್ತಿದ್ದಳು, ಇಲ್ಲದಾಗ ಇಲ್ಲ. ಒಳಗೆ ಯಾರೋ ಬಿದ್ದು ಅತ್ತರು. ಅದು ಬಟಾಣಿಯದೇ ದನಿ. ನಾನು ಏಳಬೇಕು ಎಂದುಕೊಳ್ಳುವಷ್ಟರಲ್ಲಿ ಅಳು ನಿಂತಿತು. ಗಾಜಿನಲ್ಲಿ ನೋಡಿದರೆ ದೊಡ್ಡಮ್ಮನ ಹೆಗಲ ಮೇಲೆ ಮುಖವಿಟ್ಟಿದ್ದಳು. ದೊಡ್ಡಮ್ಮ ಕಣ್ಣು ಮುಚ್ಚಿ ಅವಳ ಬೆನ್ನು ತಟ್ಟುತ್ತಿದ್ದರು. ನಾನು ಮತ್ತೆ ಕೂತೆ. ನನ್ನ ಎದುರಿಗೆ ಮಕ್ಕಳ ಕೋಟುಗಳ ಸಾಲು ತೂಗುತ್ತಿತ್ತು. ಅದನ್ನೇ ನೋಡುತ್ತಾ ಕೂತೆ. ಹೊಟ್ಟೆಕಿಚ್ಚಾದರೂ ಆಗಬಹುದು ಎಂದು ಕಾದೆ. ಅದೂ ಆಗಲಿಲ್ಲ.

ಕೊನೆಯ ದಿನಕ್ಕೆ ಏರ್ಪಾಡು ಹೀಗಿತ್ತು. ಮಕ್ಕಳ ಊಟವಾದ ಮೇಲೆ ಕಾರು ಬರುತ್ತದೆ, ದೊಡ್ಡಮ್ಮ ಬಟಾಣಿಯನ್ನು ಅಲ್ಲಿಂದಲೇ ಸೀದಾ ರೈಲಿಗೆ ಕರೆದುಕೊಂಡು ಹೋಗುತ್ತಾರೆ. ಸ್ಟೇಷನ್ನಿನಲ್ಲಿ ಕಿತ್ತುಕೊಂಡು ಹೋಗುವುದು ಬೇಡ. ನಾನು ಬೆಳಗ್ಗೆ ವಿದಾಯ ಹೇಳಿ ಹೋಗಿಬಿಡಬೇಕು, ಮತ್ತೆ ಕಾಣಿಸಿಕೊಳ್ಳಬಾರದು. ವಿದಾಯಕ್ಕೂ ಅಲ್ಲಿ ಒಂದು ರೀತಿಯಿದೆ ಎಂದು ದೊಡ್ಡ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ನೆನಪಿಸಿದರು. ಮಗು ಆಡುತ್ತಿರುವಾಗ ಕಣ್ಣು ತಪ್ಪಿಸಿ ಜಾರಿಕೊಳ್ಳಬಾರದು. ಮಂಡಿಯೂರಿ, ಮುಖ ನೋಡಿ, ನಾನು ಹೋಗ್ತಿದೀನಿ, ಇಂಥ ಹೊತ್ತಿಗೆ ಬರ್ತೀನಿ ಎಂದು ಹೇಳಿಯೇ ಹೋಗಬೇಕು. ಸುಳ್ಳು ಹೇಳುವಂತಿಲ್ಲ. ಸಂಜೆ ಎಂದರೆ ಸಂಜೆ. ಒಂದು ಸಲ ಸುಳ್ಳಾದರೆ ಮಗು ಆಮೇಲೆ ಯಾವ ಮಾತನ್ನೂ ನಂಬುವುದಿಲ್ಲ.

ಉಳಿದ ಅಪ್ಪ ಅಮ್ಮಂದಿರೆಲ್ಲ ದಿನಾ ಬೆಳಗ್ಗೆ ಬಾಗಿಲಲ್ಲಿ ಅದನ್ನು ಹೇಳುತ್ತಿದ್ದರು. ಚಳಿಗಾಲ ಪೂರ್ತಿ ಅದೇ ಮಾತು ನನ್ನ ತಲೆಯ ಮೇಲೆ ಹಾದು ಹೋಗಿತ್ತು. ಹೇಳದವನು ನಾನೊಬ್ಬನೇ. ಹೋದವನಾಗಿದ್ದರೆ ತಾನೆ ಹೇಳುವುದು?

ಹಾಗಾದರೆ ಯಾವಾಗ ಬರುತ್ತೇನೆ ಎಂದು ಹೇಳಲಿ ಎಂದು ಕೇಳಿದೆ. ದೊಡ್ಡ ಟೀಚರ್ ಯೋಚಿಸಿದರು. ಮುಂದೆ ಯಾವಾಗ ಊರಿಗೆ ಹೋಗುತ್ತೀರೋ ಅದನ್ನೇ ಹೇಳಿ, ಮಗುವಿಗೆ ಅರ್ಥವಾಗುವ ಹಾಗೆ ಹೇಳಿ ಎಂದರು. ಸೆಖೆಗಾಲಕ್ಕೋ, ಬೇಕರಿಯವನು ರಜೆ ಕೊಟ್ಟಾಗಲೋ. ಎರಡೂವರೆ ವರ್ಷದವಳಿಗೆ ಸೆಖೆಗಾಲವೆಂದರೆ ಯಾವ ಲೋಕದ್ದು?

ಬೆಳಗ್ಗೆ ಪಾಳಿ ಮುಗಿಸಿ ಬಂದೆ. ಮಗಳು ಚಾಪೆಯ ಮೇಲೆ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ದೊಡ್ಡಮ್ಮ ಅವಳ ಪಕ್ಕದ ಕುರ್ಚಿಯಲ್ಲಿ, ಈ ಸಲ ನಿಜವಾಗಿಯೂ ಕೈಕಟ್ಟಿ, ಬೇರೆ ಕಡೆ ನೋಡುತ್ತಾ ಕೂತಿದ್ದರು. ಚಿಕ್ಕ ಟೀಚರ್ ಗೋಡೆಗೆ ಒರಗಿ ನಿಂತಿದ್ದಳು. ನಾನು ಮಂಡಿಯೂರಿದೆ.

"ಬಟಾಣಿ, ನಾನು ಹೋಗ್ತಿದೀನಿ," ಎಂದೆ.

ಮುಂದಿನದು ಬರಲಿಲ್ಲ. ದುಃಖದಿಂದ ಗಂಟಲು ಕಟ್ಟಿತು ಎಂದೆಲ್ಲ ಹೇಳಿದರೆ ಅದು ಸುಳ್ಳು. ಗಂಟಲು ಸರಿಯಾಗಿಯೇ ಇತ್ತು, ಹೇಳಲು ಮಾತಿರಲಿಲ್ಲ ಅಷ್ಟೇ. ಮಗಳು ನನ್ನ ಮುಖವನ್ನು ನೋಡಿದಳು. ಪಾಠ ಮರೆತವನನ್ನು ನೋಡುವ ಹಾಗೆ ನೋಡಿ, ಹಿಟ್ಟು ಹತ್ತಿದ ನನ್ನ ಕೆನ್ನೆಯನ್ನು ತಟ್ಟಿ, ಉಳಿದದ್ದನ್ನು ತಾನೇ ಹೇಳಿಕೊಟ್ಟಳು.

"ಊಟ ಆದ್ಮೇಲೆ ಬರ್ತೀನಿ."

ದಿನಾ ಬಾಗಿಲಲ್ಲಿ ಎಲ್ಲರ ಅಪ್ಪ ಅಮ್ಮಂದಿರು ಹೇಳುವುದನ್ನು ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ನನ್ನ ಸರದಿ ಈಗ ಬಂತು ಎಂದಷ್ಟೇ ಅವಳಿಗೆ ಅನ್ನಿಸಿರಬೇಕು.

"ಹೂಂ," ಎಂದೆ.

ಅವಳು ತುಂಡುಗಳ ಕಡೆ ತಿರುಗಿದಳು. ಚಿಕ್ಕ ಟೀಚರ್ ಕಿಟಕಿಯ ಕಡೆ ತಿರುಗಿದಳು. ನಾನು ಎದ್ದು, ಕಾರಿಡಾರು ದಾಟಿ, ಬೀದಿಗೆ ಬಂದೆ.

ಮನೆಯಲ್ಲಿ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಲೆ ಹಚ್ಚಿರಲಿಲ್ಲ. ಹೇಳಿ ಬಂದೆಯಾ ಎಂದು ತಿರುಗದೆಯೇ ಕೇಳಿದಳು, ಹೇಳಿ ಬಂದೆ ಎಂದೆ. ಷೂ ಬಿಚ್ಚಿ ಮಂಚದ ಮೇಲೆ ನನ್ನ ಬದಿಯಲ್ಲಿ ಮಲಗಿದೆ. ರಾತ್ರಿಯೆಲ್ಲ ನಿಂತವನಿಗೆ ತಲೆ ದಿಂಬಿಗೆ ತಾಗುವುದೇ ತಡ, ನಿದ್ದೆ ಬರಬೇಕು. ಬರಲಿಲ್ಲ. ಪಕ್ಕದ ಮನೆಯ ರೇಡಿಯೋ ಹಾಡುತ್ತಿತ್ತು, ಮೆಟ್ಟಿಲಲ್ಲಿ ಯಾರೋ ಬಕೆಟ್ಟು ಎಳೆಯುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದು ಸಣ್ಣ ಲೆಕ್ಕ. ಈಗ ಹಾಡು ಮುಗಿದಿರುತ್ತದೆ. ಈಗ ಕೈ ತೊಳೆಸುತ್ತಿರುತ್ತಾರೆ. ಈಗ ತಟ್ಟೆ ಇಡುತ್ತಿರುತ್ತಾರೆ. ಅವಳು ತಟ್ಟೆಯನ್ನು ಕೊನೆಯವರೆಗೂ ಬೆರಳಿನಿಂದ ಬಳಿದು ತಿನ್ನುತ್ತಾಳೆ, ಅದಕ್ಕೆ ಎಲ್ಲರಿಗಿಂತ ತಡ.

ಇದನ್ನು ಪ್ರೀತಿ ಎನ್ನಬೇಡಿ. ನನಗೇ ಗೊತ್ತಿಲ್ಲದ್ದನ್ನು ನೀವು ನನ್ನ ಬಾಯಿಗೆ ತುರುಕಬೇಡಿ. ಊಟವಾಗುತ್ತಿದೆ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಎದ್ದೆ, ಷೂ ಹಾಕಿಕೊಂಡೆ. ಅಮ್ಮ ಎಲ್ಲಿಗೋ ಎಂದಳು. ಬಾಗಿಲು ಎಳೆದುಕೊಂಡು ಹೊರಟೆ.

ಬೀದಿಯಲ್ಲಿ ಓಡಲಿಲ್ಲ, ನಡೆದೇ ಹೋದೆ. ಮೂಲೆಯ ಔಷಧಿ ಅಂಗಡಿ, ಸೈಕಲ್ ರಿಪೇರಿಯವನು, ಬಟ್ಟೆ ಒಣಗಿಸುವ ಬಾಲ್ಕನಿಗಳು, ಎಲ್ಲವೂ ಮಧ್ಯಾಹ್ನದ ಬಿಸಿಲಲ್ಲಿ ತಮ್ಮ ಪಾಡಿಗೆ ತಾವಿದ್ದವು. ಮಕ್ಕಳ ಮನೆಯ ಗೇಟಿನ ಮುಂದೆ ಕಾರು ನಿಂತಿತ್ತು. ಡ್ರೈವರ್ ಡಿಕ್ಕಿ ಮುಚ್ಚುತ್ತಿದ್ದ. ದೊಡ್ಡಮ್ಮ ಬಟಾಣಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಾರಿನ ಬಾಗಿಲಿಗೆ ಕೈ ಹಾಕಿದ್ದರು. ಇಬ್ಬರು ಟೀಚರುಗಳೂ ಗೇಟಿನಲ್ಲಿದ್ದರು, ಅವಳಿ ಅಮ್ಮನೂ ಇದ್ದರು.

ನನ್ನನ್ನು ಕಂಡು ದೊಡ್ಡವರೆಲ್ಲ ಬೆಚ್ಚಿದರು. ದೊಡ್ಡ ಟೀಚರ್ ಒಂದು ಹೆಜ್ಜೆ ಮುಂದೆ ಬಂದು ನಿಂತರು. ದೊಡ್ಡಮ್ಮನ ಮುಖ ಬಿಳುಚಿಕೊಂಡಿತು. ಅವಳಿ ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಬಟಾಣಿ ಮಾತ್ರ ಬೆಚ್ಚಲಿಲ್ಲ. ಖುಷಿಯನ್ನೂ ಪಡಲಿಲ್ಲ. ಬಾಯಿಯ ಮೂಲೆಯಲ್ಲಿ ಊಟದ ಗುರುತಿತ್ತು. ನನ್ನನ್ನು ನೋಡಿ, ಬರಬೇಕಾದವನು ಬಂದ ಎನ್ನುವ ಹಾಗೆ, "ಊಟ ಆಯ್ತು," ಎಂದು ಹೇಳಿ, ದೊಡ್ಡಮ್ಮನ ಸೊಂಟದಿಂದಲೇ ನನ್ನ ಕಡೆಗೆ ವಾಲಿದಳು.

ದೊಡ್ಡಮ್ಮ ಬಿಡಲಿಲ್ಲ. ಬಿಗಿಯಾಗಿ ಹಿಡಿದುಕೊಂಡು, ಹೊತ್ತಾಯಿತು, ರೈಲು ತಪ್ಪುತ್ತದೆ, ಮತ್ತೆ ಅವಳನ್ನು ಅಳಿಸಬೇಡಿ ಎಂದರು.

"ಅಕ್ಕ, ಕೊಡಿ," ಎಂದೆ.

"ನಾನೇನು ಕದ್ಕೊಂಡು ಹೋಗ್ತಿದ್ನಾ? ನೀವೇ ಹೂಂ ಅಂದಿದ್ದು."

"ಹೌದು. ಇವಳಿಗೂ ಹೂಂ ಅಂದಿದೀನಿ. ಊಟ ಆದ್ಮೇಲೆ ಬರ್ತೀನಿ ಅಂತ."

"ಇವತ್ತು ಬಂದ್ರಿ. ನಾಳೆ? ರಾತ್ರಿ ಯಾರು ನೋಡ್ಕೋತಾರೆ? ಆ ಮುದುಕಿ ಕೈಲಿ ಆಗುತ್ತಾ?"

"ಗೊತ್ತಿಲ್ಲ ಅಕ್ಕ."

ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಅವರ ಕೈ ಸಡಿಲವಾಯಿತು, ಮಗಳು ನನ್ನ ಕೈಗೆ ಬಂದಳು. ಖಾಲಿಯಾದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. ಆಮೇಲೆ ತಂಗಿಯನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು, ಗೇಟಿನ ಕಂಬಕ್ಕೆ ಒರಗಿ ಅತ್ತರು. ತಂಗಿ ಸತ್ತ ದಿನ ಅತ್ತದ್ದಕ್ಕಿಂತ ಜೋರಾಗಿ ಅತ್ತರು. ದೊಡ್ಡ ಟೀಚರ್ ಅವರ ಬೆನ್ನ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮ್ಮ ಕಣ್ಣೊರೆಸಿಕೊಂಡು, ನನ್ನ ಕಡೆ ನೋಡದೆ, ಬಟಾಣಿಯ ಬಾಯಿಯ ಮೂಲೆಯನ್ನು ಸೆರಗಿನ ತುದಿಯಿಂದ ಒರೆಸಿ, ಕಾರು ಹತ್ತಿದರು. ನಾನು ಅವರಿಗೆ ಮಾಡಿದ್ದು ಅನ್ಯಾಯವೇ. ಅದನ್ನು ಇಲ್ಲ ಎನ್ನಲು ನನಗೆ ಮುಖವಿಲ್ಲ.

ಕಾರು ತಿರುವು ದಾಟಿದ ಮೇಲೆ ನೆನಪಾಯಿತು, ಮಗಳ ಬಟ್ಟೆಯ ಚೀಲ ಡಿಕ್ಕಿಯಲ್ಲೇ ಹೋಗಿತ್ತು. ಅಂಗಿಗಳು, ಹೊದಿಕೆ, ಬಾಚಣಿಗೆ, ಎಲ್ಲ. ನನ್ನ ಕೈಯಲ್ಲಿ ಉಳಿದದ್ದು ಅವಳು ಮತ್ತು ಅವಳ ಮೈಮೇಲಿನ ಬಟ್ಟೆ. ರಾತ್ರಿಗೆ ಪಾಳಿಯಿತ್ತು. ಬೇಕರಿಯವನಿಗೆ ಏನು ಹೇಳುವುದು, ಅಮ್ಮನಿಗೆ ಏನು ಹೇಳುವುದು, ನಾಳೆ ಬೆಳಗ್ಗೆ ಇವಳಿಗೆ ಏನು ಹಾಕುವುದು? ಅವಳಿ ಅಮ್ಮ ಹತ್ತಿರ ಬಂದು, ರಾತ್ರಿಗೆ ಮಗುವಿನ ಜೊತೆ ಯಾರ್ಯಾರು ಬಂದು ಮಲಗಬಹುದು ಎಂದು ಆಗಲೇ ಬೆರಳು ಮಡಚುತ್ತಾ ಹೆಸರು ಹೇಳತೊಡಗಿದ್ದರು. ನನ್ನ ಕಿವಿಗೆ ಏನೂ ಹೋಗುತ್ತಿರಲಿಲ್ಲ.

ನನಗೆ ಭಯವಾಗಿತ್ತು. ಹೆಂಡತಿ ಹೋದ ಮೇಲೆ ನನಗೆ ಮೊದಲು ಬಂದದ್ದು ಅಳುವಲ್ಲ, ಅದೇ ಭಯ. ಬೀಳಿಸಿಬಿಡುತ್ತೇನೆಂದು ಮಗಳನ್ನು ಮೆಲ್ಲಗೆ ನೆಲಕ್ಕೆ ಇಳಿಸಿದೆ.

ಅವಳು ನಿಂತಲ್ಲೇ ನಿಂತು, ಎರಡೂ ಕೈಗಳನ್ನು ಮೇಲೆತ್ತಿದಳು. ಎತ್ತಿಕೊಂಡೆ.